ಐದೂವರೆ ವರ್ಷದ ಮಗನಿಗೆ ಮೌತ್‌ವಾಶ್ ಕೊಡಬಹುದಾ? ಮೂರು ದಿನ ಕೊಟ್ಟುಬಿಟ್ಟಿದ್ದೀನಿ, ಈಗ ಭಯ

ಯುಕೆಜಿ ಅಮ್ಮ, ಮೈಸೂರು

ಎಲ್ರಿಗೂ ನಮಸ್ಕಾರ. ಮಗನಿಗೆ ಐದೂವರೆ ವರ್ಷ, ಯುಕೆಜಿ. ಬೆಳಿಗ್ಗೆ ಎಬ್ಬಿಸೋಕೆ ಹತ್ರ ಹೋದ್ರೆ ಬಾಯಿ ವಾಸನೆ, ಮುಖ ತಿರುಗಿಸಿಕೊಳ್ಳೋ ಹಾಗೆ. ಹಲ್ಲುಜ್ಜಿಸಿದ್ರೆ ಹೋಗುತ್ತೆ, ತಿಂಡಿ ತಿಂದು ಸ್ಕೂಲ್ ವ್ಯಾನ್ ಬರೋ ಹೊತ್ತಿಗೆ ವಾಪಸ್. ಅತ್ತೆ ಹೊಟ್ಟೆ ಕೆಟ್ಟಿದೆ, ಹರಳೆಣ್ಣೆ ಕುಡಿಸು ಅಂತಾರೆ. ನಮ್ಮಮ್ಮ ಜಂತುಹುಳ ಅಂತಾರೆ. ನಾನು ಇಬ್ಬರ ಮಾತೂ ಕೇಳದೆ ಮೂರನೇ ತಪ್ಪು ಮಾಡಿದೆ.

ದಸರಾ ರಜೆಗೆ ಬೆಂಗಳೂರಿಂದ ಅಣ್ಣನ ಮಗ ಬಂದಿದ್ದ, ಹನ್ನೊಂದು ವರ್ಷದವನು. ರಾತ್ರಿ ಮಲಗೋ ಮುಂಚೆ ನೀಲಿ ಮೌತ್‌ವಾಶ್ ಬಾಯಿಗೆ ಹಾಕ್ಕೊಂಡು ಗಳಗಳ ಅನ್ನಿಸಿ ಉಗೀತಿದ್ದ. ಇವನಿಗೆ ಅದು ಮ್ಯಾಜಿಕ್ ಥರ ಕಾಣಿಸಿದೆ. ಹಟ ಹಿಡಿದ. ವಾಸನೆಗೂ ಆಗುತ್ತಲ್ಲ ಅಂತ ನಾನೂ ಅರ್ಧ ಮುಚ್ಚಳ ಕೊಟ್ಟೆ. ಎರಡು ದಿನ ಉಗಿದ ಅಂತ ಅಂದ್ಕೊಂಡಿದ್ದೆ. ಮೂರನೇ ದಿನ ಪಕ್ಕದಲ್ಲೇ ನಿಂತು ನೋಡ್ತೀನಿ, ಸಿಂಕಿಗೆ ಬಿದ್ದಿದ್ದು ಬರೀ ಎಂಜಲು. ಎಲ್ಲೋ ಅದು ಅಂದ್ರೆ, "ಕುಡಿದೆ, ಪೆಪ್ಪರ್‌ಮಿಂಟ್ ಥರ ಇತ್ತು" ಅಂದ.

ಹುಡುಗ ಆರಾಮಾಗೇ ಇದ್ದಾನೆ. ಆದ್ರೂ ಕೇಳ್ತೀನಿ: ಏನಾದ್ರೂ ಆಗುತ್ತಾ? ಮಕ್ಕಳಿಗೇ ಅಂತ ಬರೋ ಮೌತ್‌ವಾಶ್ ತಂದ್ರೆ ಸರೀನಾ? ಯಾವ ವಯಸ್ಸಿಂದ ಕೊಡಬಹುದು?

ಜಯನಗರ 4ನೇ ಬ್ಲಾಕ್

ಆರು ವರ್ಷ ತುಂಬೋವರೆಗೂ ಬೇಡ. ನಮ್ಮ ಡಾಕ್ಟ್ರು ಹೇಳಿದ್ದು ಇಷ್ಟೇ, ನಾನು ಯಾಕೆ ಅಂತ ಕೇಳೋಕೆ ಹೋಗ್ಲಿಲ್ಲ.

ಹುಬ್ಬಳ್ಳಿ ಅಪ್ಪ

ನಮ್ಮ ಮನ್ಯಾಗ ಆಗಿದ್ದು ಕೇಳ್ರಿ. ನಮ್ಮ ತಂದೆಯವರಿಗೆ ವಸಡಿನ ಆಪರೇಶನ್ ಆಗಿತ್ತು. ಡಾಕ್ಟರ್ ಒಂದು ಮೌತ್‌ವಾಶ್ ಬರದು ಕೊಟ್ಟಿದ್ರು, ಎರಡು ವಾರಕ್ಕ. ಅರ್ಧ ಬಾಟ್ಲಿ ಉಳೀತು. ಚೆಲ್ಲೂದು ಯಾಕ ಅಂತ ಒಂಬತ್ತು ವರ್ಷದ ಮಗಳಿಗೆ ಕೊಟ್ವಿ, ಆಕಿ ಉಗುಳೂದರಾಗ ಶಾಣ್ಯಾ ಇದ್ದಾಳ, ನುಂಗೂದಿಲ್ಲ. ಒಂದು ತಿಂಗಳು ಬಳಸಿದಳ್ರಿ. ಮುಂದಿನ ಹಲ್ಲು ಕಂದು ಬಣ್ಣಕ್ಕ ತಿರುಗ್ಯಾವ, ತಂಬಾಕು ತಿಂದವರ ಗತೆ. ಸಾಲ್ಯಾಗ ಹುಡುಗರು ಗುಟಕಾ ಅಂತ ಕರೀಲಿಕ್ಕೆ ಸುರು ಮಾಡ್ಯಾರ. ಮನೀಗೆ ಬಂದು ಅಳ್ತಾಳ. ಬಾಟ್ಲಿ ಮ್ಯಾಲ 'ಕ್ಲೋರ್‌ಹೆಕ್ಸಿಡಿನ್ 0.2%' ಅಂತ ಐತಿ. ಈ ಕಲೆ ಹೋಗತೈತೇನ್ರಿ, ಇಲ್ಲಾ ಹಂಗ ಉಳೀತೈತಿ?

ಮಕ್ಕಳ ಹಲ್ಲಿನ ವೈದ್ಯ, ದಾವಣಗೆರೆ

ಮೊದಲು ಹುಬ್ಬಳ್ಳಿಯವರಿಗೆ, ಆ ಮಗು ಅಳ್ತಿದೆ ಅಂದಿದ್ದಕ್ಕೆ. ಹೋಗುತ್ತೆ ಸರ್. ಕ್ಲೋರ್‌ಹೆಕ್ಸಿಡಿನ್ ಕಲೆ ಹಲ್ಲಿನ ಮೇಲ್ಮೈಗೆ ಅಂಟಿದ್ದು, ಹಲ್ಲಿನ ಒಳಗೆ ಇಳಿದಿದ್ದಲ್ಲ. ಬ್ರಶ್ಶಿಗೆ ಬರಲ್ಲ, ಕ್ಲಿನಿಕ್‌ನಲ್ಲಿ ಪಾಲಿಶ್ ಮಾಡಿದ್ರೆ ಬರುತ್ತೆ. ಚಹಾ ಕುಡಿಯೋರಿಗೆ ಇನ್ನೂ ಬೇಗ ಹಿಡಿಯುತ್ತೆ. ಇವತ್ತೇ ನಿಲ್ಲಿಸಿ. ಅದು ಔಷಧ, ಆಪರೇಶನ್ ಆದಾಗ, ವಸಡು ಕೀವಾದಾಗ, ಬ್ರಶ್ ಮುಟ್ಟಿಸೋಕೇ ಆಗದ ಸ್ಥಿತೀಲಿ ಒಂದೆರಡು ವಾರಕ್ಕೆ ಬರೆದು ಕೊಡೋದು. ದಿನಾ ಬಳಸೋಕಲ್ಲ. ಮಾವನ ಬಿಪಿ ಮಾತ್ರೆ ಉಳೀತು ಅಂತ ಸೊಸೆಗೆ ಕೊಡ್ತೀವಾ?

ಈಗ ಮೈಸೂರಿನ ಮೇಡಂ. ಬಾಟ್ಲಿ ಹಿಂದೆ ಎರಡು ಪದ ಹುಡುಕಿ: ಆಲ್ಕೊಹಾಲ್ (ಎಥನಾಲ್ ಅಂತಾನೂ ಬರೆದಿರ್ತಾರೆ) ಮತ್ತು ಸೋಡಿಯಂ ಫ್ಲೋರೈಡ್. ಭಯ ಎಷ್ಟು ಪಡಬೇಕು ಅನ್ನೋದು ಅದರ ಮೇಲಿದೆ.

ಆಲ್ಕೊಹಾಲ್ ಇರೋ ಕೆಲವು ಮೌತ್‌ವಾಶ್‌ಗಳಲ್ಲಿ ಅದು 20% ದಾಟುತ್ತೆ. ಬಿಯರ್‌ನಲ್ಲಿ ಸಾಮಾನ್ಯವಾಗಿ 5% ಆಸುಪಾಸು ಇರುತ್ತೆ ಅಂದ್ರೆ ಅಂದಾಜು ಸಿಗಬಹುದು. ಚಿಕ್ಕ ಮಗು ಅದನ್ನು ಗಟಗಟ ಕುಡಿದ್ರೆ ಬರೀ ಅಮಲಲ್ಲ, ರಕ್ತದ ಸಕ್ಕರೆ ಕುಸಿಯುತ್ತೆ. ಮಂಪರು, ಬೆವರು, ತೊದಲು, ಎಬ್ಬಿಸಿದ್ರೂ ಏಳದೇ ಇರೋದು. ಅಂಥದ್ದು ಕಂಡ್ರೆ ಮನೇಲಿ ಒಂದು ನಿಮಿಷವೂ ಕೂರಬಾರದು, 108.

ಫ್ಲೋರೈಡ್ ಲೆಕ್ಕ ಬೇರೆ. ದಿನಾ ಬಳಸೋ ಮೌತ್‌ವಾಶ್‌ನಲ್ಲಿ ಸಾಮಾನ್ಯವಾಗಿ ಸೋಡಿಯಂ ಫ್ಲೋರೈಡ್ 0.05%. 10 ಮಿ.ಲೀ.ಯಲ್ಲಿ ಸುಮಾರು 2.25 ಮಿ.ಗ್ರಾಂ ಫ್ಲೋರೈಡ್. ವಿಷ ಏರುವ ಮಟ್ಟ ಅಂತ ನಾವು ಎಚ್ಚರ ವಹಿಸೋದು ಮಗುವಿನ ತೂಕದ ಪ್ರತಿ ಕೆ.ಜಿ.ಗೆ 5 ಮಿ.ಗ್ರಾಂನಲ್ಲಿ. ನಿಮ್ಮ ಮಗ 16 ಕೆ.ಜಿ. ಅಂದ್ಕೊಳ್ಳಿ, 80 ಮಿ.ಗ್ರಾಂ. ಅರ್ಧ ಮುಚ್ಚಳ ನುಂಗಿದ್ದಕ್ಕೆ ಹೆಚ್ಚೆಂದ್ರೆ ಹೊಟ್ಟೆ ತೊಳಸುತ್ತೆ. ಆದ್ರೆ 500 ಮಿ.ಲೀ. ತುಂಬಿದ ಬಾಟ್ಲಿಯಲ್ಲಿ ಇರೋದು 110 ಮಿ.ಗ್ರಾಂಗೂ ಜಾಸ್ತಿ. ಮಕ್ಕಳ ಮೌತ್‌ವಾಶ್ ಅಂತ ಬಬಲ್‌ಗಮ್ ರುಚಿ ಹಾಕಿ, ಕಾರ್ಟೂನ್ ಚಿತ್ರ ಅಂಟಿಸಿ ಮಾರ್ತಾರಲ್ಲ, ನನಗೆ ಕೋಪ ಬರೋದು ಅಲ್ಲೇ. ಕುಡೀಬಾರದ್ದನ್ನ ಜ್ಯೂಸ್ ಥರ ಮಾಡಿಟ್ಟು, ಕುಡೀಬೇಡ ಅಂತ ಮಗುವಿಗೆ ಹೇಳೋದು.

ಆರು ವರ್ಷ ಅಂತ ಯಾಕೆ ಹೇಳ್ತೀವಿ ಅಂದ್ರೆ, ಬಾಯಲ್ಲಿ ನೀರು ತಡೆದು ಹಿಡಿದು, ನುಂಗದೆ, ಬೇಕು ಅಂತ ಉಗಿಯೋದು ಅಷ್ಟರ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಬರುತ್ತೆ. ಹುಟ್ಟಿದ ದಿನಕ್ಕೆ ಸರಿಯಾಗಿ ಬರುತ್ತೆ ಅಂತಲ್ಲ. ನಾನು ಕ್ಲಿನಿಕ್‌ನಲ್ಲಿ ಮಾಡಿಸೋದು ಇದು: ಕೆಮ್ಮಿನ ಔಷಧದ ಜೊತೆ ಬರೋ ಅಳತೆ ಮುಚ್ಚಳದಲ್ಲಿ 10 ಮಿ.ಲೀ. ಬರೀ ನೀರು ಕೊಡಿ. ಅರ್ಧ ನಿಮಿಷ ಬಾಯಲ್ಲಿ ಆಡಿಸಲಿ. ಆಮೇಲೆ ಖಾಲಿ ಲೋಟಕ್ಕೆ ಉಗೀಲಿ, ಅದನ್ನ ಮತ್ತೆ ಮುಚ್ಚಳಕ್ಕೆ ಸುರಿದು ನೋಡಿ. 6 ಬಂದ್ರೆ 4 ಹೊಟ್ಟೆಗೆ ಹೋಯ್ತು. ಒಂದು ವಾರ ದಿನಾ ಮಾಡಿಸಿ, ಪ್ರತಿ ಸಲ ಪೂರ್ತಿ ವಾಪಸ್ ಬಂದ್ರೆ ಮುಂದಿನ ಮಾತು.

ಯುಕೆಜಿ ಅಮ್ಮ, ಮೈಸೂರು

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಬಾಟ್ಲಿ ನೋಡಿದೆ. ಅಕ್ಷರ ಎಷ್ಟು ಸಣ್ಣ ಅಂದ್ರೆ ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯ್ತು. ಸೋಡಿಯಂ ಫ್ಲೋರೈಡ್ 0.05%, ಆಲ್ಕೊಹಾಲ್ ಇಲ್ಲ. ಅದರ ಕೆಳಗೇ ಇದೆ, ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗಲ್ಲ ಅಂತ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ, ಅವನೂ ಓದಿರಲಿಲ್ಲವಂತೆ.

ನೀರಿನ ಪರೀಕ್ಷೆ ಈಗಷ್ಟೇ ಮಾಡಿಸಿದೆ. 10 ಕೊಟ್ಟೆ, 6 ಬಂತು. ನೀವು ಹೇಳಿದ ಉದಾಹರಣೆ ನಮ್ಮನೇದೇ.

ಶಿರಸಿ ಅಜ್ಜಿ

ಮೊಮ್ಮಗಳ ಫೋನಿನಿಂದ ಬರೆಸುತ್ತಿದ್ದೇನೆ. ತಂಗೀ, ಈ ನೀಲಿ ನೀರು ಯಾಕೆ ಬೇಕು? ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಲಿ. ಉಂಡ ಮೇಲೆ ಬಾಯಿ ಮುಕ್ಕಳಿಸದೆ ನಮ್ಮ ಕಾಲದಲ್ಲಿ ಯಾರೂ ಜಗಲಿ ಹತ್ತುತ್ತಿರಲಿಲ್ಲ. ಈಗಿನವರು ಟಿಶ್ಯೂ ಕಾಗದದಲ್ಲಿ ತುಟಿ ಒರೆಸಿ ಎದ್ದುಬಿಡುತ್ತಾರೆ. ಬೆಳಿಗ್ಗೆ ಒಂದು ಚಮಚ ಎಳ್ಳೆಣ್ಣೆ ಬಾಯಲ್ಲಿಟ್ಟುಕೊಂಡರೆ ವಸಡು ಗಟ್ಟಿ. ನನಗೆ 76, ನನ್ನ ಹಲ್ಲು ನನ್ನವೇ.

ಆಯುರ್ವೇದ ಓದಿದವಳು, ಉಡುಪಿ

ಅಜ್ಜಿಯವರು ಹೇಳಿದ ಉಪ್ಪು ನೀರು ಒಳ್ಳೆಯದೇ, ಬಾಯಿಹುಣ್ಣಿಗೆ, ಹಲ್ಲು ಕೀಳಿಸಿದ ಮಾರನೇ ದಿನಕ್ಕೆ. ಹುಳುಕು ತಡೆಯುವ ಶಕ್ತಿ ಅದಕ್ಕಿಲ್ಲ, ಮತ್ತೆ ಅದನ್ನೂ ಉಗುಳಬೇಕು, ನುಂಗಲಿಕ್ಕೆ ಇಲ್ಲ.

ಆದರೆ ಎಣ್ಣೆ ವಿಷಯದಲ್ಲಿ ಜಾಗ್ರತೆ ಮಾರಾಯ್ರೆ. ಚಿಕ್ಕ ಮಕ್ಕಳ ಬಾಯಿಗೆ ಎಣ್ಣೆ ಹಾಕಿ ಆಡಿಸು ಅಂದರೆ, ಒಂದು ಕೆಮ್ಮು ಬಂದರೆ ಸಾಕು, ಎಣ್ಣೆ ಶ್ವಾಸನಾಳಕ್ಕೆ ಇಳಿಯುತ್ತದೆ. ನೀರಾದರೆ ಕೆಮ್ಮಿ ಹೊರಗೆ ಹಾಕಬಹುದು, ಎಣ್ಣೆ ಶ್ವಾಸಕೋಶದಲ್ಲಿ ಕೂತು ನ್ಯುಮೋನಿಯಾ ಮಾಡುವುದುಂಟು. ಇದು ಇಂಗ್ಲಿಷ್ ವೈದ್ಯರ ಮಾತು ಮಾತ್ರ ಅಲ್ಲ. ವಾಗ್ಭಟ ತನ್ನ ಹಳೆಯ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲೇ ಯಾವ ಚಿಕಿತ್ಸೆ ಯಾವ ವಯಸ್ಸಿಗೆ ಬೇಡ ಅಂತ ಹೇಳಿದ್ದಾನೆ: ನಸ್ಯ (ಮೂಗಿಗೆ ಔಷಧ ಬಿಡುವುದು) ಏಳು ವರ್ಷದೊಳಗೆ ಬೇಡ, ಧೂಮ (ಔಷಧದ ಹೊಗೆ ಸೇದುವುದು) ಹದಿನೆಂಟರೊಳಗೆ ಬೇಡ, ಕವಲ ಐದರೊಳಗೆ ಬೇಡ. ಕವಲ ಅಂದರೆ ಇದೇ, ಬಾಯಲ್ಲಿ ದ್ರವ ಹಾಕಿ ಆಡಿಸಿ ಉಗುಳುವುದು. ಮಗುವಿಗೆ ಉಗುಳಲಿಕ್ಕೆ ಬರುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ನಾನಾದರೆ ಎಣ್ಣೆಯನ್ನು ಐದಾದ ಮೇಲೂ ಶಾಲೆ ಮಕ್ಕಳಿಗೆ ಹೇಳುವುದಿಲ್ಲ.

ಬೇವಿನಕಡ್ಡಿ

ಏನ್ ಭಯ ಗುರು ಇದು. ಇದ್ದಿಲು, ಉಪ್ಪು, ಬೇವಿನಕಡ್ಡಿ ಹಾಕಿ ಉಜ್ಜಿ ಬೆಳೆದವರು ನಾವು. ಒಂದು ಹರ್ಬಲ್ ಮೌತ್‌ವಾಶ್ ಕೊಡಿ, ಕೆಮಿಕಲ್ ಇಲ್ಲ, ಮುಗೀತು.

ಮಕ್ಕಳ ಹಲ್ಲಿನ ವೈದ್ಯ, ದಾವಣಗೆರೆ

ಇದ್ದಿಲಲ್ಲಿ ಉಜ್ಜಿ ಬೆಳೆದವರ ಹಲ್ಲಿನ ಎನಾಮಲ್ ಸವೆದು ಜುಂ ಅಂತಿರೋದನ್ನ ದಿನಾ ನೋಡ್ತೀನಿ ಸರ್. ಹರ್ಬಲ್ ಅಂತ ಬರೆದ ಮಾತ್ರಕ್ಕೆ ಮಗು ನುಂಗಬಹುದು ಅಂತಲ್ಲ. ಅದರಲ್ಲೂ ಲವಂಗದೆಣ್ಣೆ, ಪುದೀನ ಸತ್ವ ಇರುತ್ತೆ. ಫ್ಲೋರೈಡ್ ಇಲ್ಲದಿದ್ರೆ ಹುಳುಕಿಗೂ ಉಪಯೋಗ ಇಲ್ಲ, ಸ್ವಲ್ಪ ಹೊತ್ತು ಬಾಯಿ ಘಮ ಅನ್ನುತ್ತೆ ಅಷ್ಟೇ.

ಪಾವಗಡದ ಮಾಸ್ತರು

ಡಾಕ್ಟರ್ ಸರ್, ನಮ್ಮ ಕಡೆಯದೊಂದು ಪ್ರಶ್ನೆ. ನಾನು ಪಾವಗಡ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಸಮಸ್ಯೆ ಇಲ್ಲಿ ಎಲ್ಲರಿಗೂ ಗೊತ್ತು. ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಮಚ್ಚೆ, ಕೆಲವರಿಗೆ ಕಂದು ಪಟ್ಟೆ. ಈಗ ಶುದ್ಧ ನೀರಿನ ಘಟಕ ಇದೆ, ಕ್ಯಾನಿನಲ್ಲಿ ತರುತ್ತಾರೆ. ಆದರೆ ಅಡುಗೆಗೆ ಬೋರ್ ನೀರೇ ಬಳಸುವ ಮನೆಗಳಿವೆ. ಕುದಿಸಿದರೆ ಹೋಗುತ್ತದೆ ಅಂತಲೂ ನಂಬಿದ್ದಾರೆ. ಮೊನ್ನೆ ಒಬ್ಬರು ದಾನಿಗಳು ಶಾಲೆಗೆ ಎರಡು ಪೆಟ್ಟಿಗೆ ಫ್ಲೋರೈಡ್ ಮೌತ್‌ವಾಶ್ ಕೊಡುತ್ತೇನೆ ಅಂದರು. ಒಳ್ಳೆಯ ಮನಸ್ಸಿನವರು. ಬೇಡ ಅನ್ನಲೋ, ತೆಗೆದುಕೊಳ್ಳಲೋ?

ಮಕ್ಕಳ ಹಲ್ಲಿನ ವೈದ್ಯ, ದಾವಣಗೆರೆ

ಮಾಸ್ತರೇ, ಕೇಳಿದ್ದು ಒಳ್ಳೇದಾಯ್ತು. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಗಟ್ಟಿಯಾಗುತ್ತೆ. ಇದನ್ನ ಪೋಷಕರ ಸಭೆಯಲ್ಲಿ ಮೊದಲು ಹೇಳಿ.

ನಮ್ಮ ದೇಶದಲ್ಲಿ ಕುಡಿಯೋ ನೀರಿಗೆ ಇರೋ ಮಾನದಂಡ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ. ಈಗ ಮೇಲಿನ ಲೆಕ್ಕಕ್ಕೆ ಜೋಡಿಸಿ: ಒಂದು ಮಗು ದಿನಕ್ಕೆ ಒಂದು ಸಲ 10 ಮಿ.ಲೀ. ಮೌತ್‌ವಾಶ್ ನುಂಗಿತು ಅಂದ್ರೆ, ಆ 1.5ರ ಮಿತಿ ಮುಟ್ಟಿದ ನೀರನ್ನ ಒಂದೂವರೆ ಲೀಟರ್ ಹೆಚ್ಚಾಗಿ ಕುಡಿದ ಹಾಗೆ. ಮೈಸೂರಿನ ಮಗು ಒಂದಿನ ನುಂಗಿದ್ದಕ್ಕೂ, ಮೊದಲೇ ಫ್ಲೋರೈಡ್ ನೀರು ಕುಡೀತಿರೋ ಮಗು ದಿನಾ ನುಂಗೋದಕ್ಕೂ ವ್ಯತ್ಯಾಸ ಇಲ್ಲಿದೆ. ಶಾಶ್ವತ ಹಲ್ಲು ವಸಡಿನ ಒಳಗೆ ರೂಪ ತಗೊಳ್ಳೋದು ಸುಮಾರು ಎಂಟು ವರ್ಷದವರೆಗೆ. ಆ ಮಚ್ಚೆ ಬೀಳೋದು ಆಗಲೇ, ಹಲ್ಲು ಹೊರಗೆ ಬಂದ ಮೇಲಲ್ಲ.

ಹಾಗಂತ ಫ್ಲೋರೈಡ್ ಮೌತ್‌ವಾಶ್ ಕೆಟ್ಟದ್ದು ಅಂತಲ್ಲ. ವೈದ್ಯಕೀಯ ಪ್ರಯೋಗಗಳನ್ನ ಒಟ್ಟುಹಾಕಿ ತೂಗಿ ನೋಡೋ ಕೊಕ್ರೇನ್ ಸಂಸ್ಥೆಯ 2016ರ ವಿಮರ್ಶೆ 37 ಪ್ರಯೋಗಗಳನ್ನು ಒಟ್ಟಿಗೆ ನೋಡಿತ್ತು, 15 ಸಾವಿರಕ್ಕೂ ಹೆಚ್ಚು ಮಕ್ಕಳು. ಶಾಶ್ವತ ಹಲ್ಲಿನ ಹುಳುಕು ಸರಾಸರಿ 27% ಕಡಿಮೆ. ಹೆಚ್ಚಿನವು ಶಾಲೆಗಳಲ್ಲಿ, ದೊಡ್ಡವರು ಎದುರಿಗೆ ನಿಂತು ಮಾಡಿಸಿದವು. ಎದುರಿಗೆ ನಿಂತು ಅನ್ನೋದನ್ನ ಎರಡು ಸಲ ಓದಿ. ನೀರಿನ ಫ್ಲೋರೈಡ್ ಅಳೆಯದೆ, ದಂತವೈದ್ಯರು ನೋಡದೆ ನಿಮ್ಮ ಶಾಲೇಲಿ ಹಂಚಬೇಡಿ. ದಾನಿಗಳಿಗೆ ಬೇಜಾರಾಗದ ಹಾಗೆ ಹೇಳಿ, ಆ ದುಡ್ಡಿಗೆ ಮಕ್ಕಳ ಬ್ರಶ್ ಕೊಡಿಸಲಿ.

ಪೇಸ್ಟ್ ಮಾತ್ರ ಬಿಡಿಸಬೇಡಿ. ನಮ್ಮಲ್ಲಿ ಪೇಸ್ಟಿನ ಫ್ಲೋರೈಡ್ ಮಿತಿ 1000 ಪಿಪಿಎಂ, ಅಂದ್ರೆ ಒಂದು ಗ್ರಾಂ ಪೇಸ್ಟಲ್ಲಿ 1 ಮಿ.ಗ್ರಾಂ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರಕ್ಕೆ ಬಟಾಣಿಯಷ್ಟು. ಬಟಾಣಿಯಷ್ಟು ಪೇಸ್ಟಲ್ಲಿ ಇರೋದು ಕಾಲು ಮಿ.ಗ್ರಾಂ. ಜಾಹೀರಾತಲ್ಲಿ ಬ್ರಶ್ ಉದ್ದಕ್ಕೂ ಅಲೆ ಅಲೆಯಾಗಿ ಹಾಕ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ.

ನ್ಯೂಜೆರ್ಸಿ ಕನ್ನಡತಿ

ಇಲ್ಲಿಯ ವಿಷಯ ಸ್ವಲ್ಪ ಸೇರಿಸ್ತೀನಿ. ಅಮೆರಿಕದ ದಂತವೈದ್ಯರ ಸಂಘ ಹೇಳೋದೂ ಅದೇ, ಆರರೊಳಗೆ ಬೇಡ. ಒಂದು ಬಾಟ್ಲಿಯಲ್ಲಿ 3 ಗ್ರಾಂ ಅಥವಾ ಹೆಚ್ಚು ಆಲ್ಕೊಹಾಲ್ ಇದ್ರೆ ಮಕ್ಕಳಿಗೆ ತೆಗೆಯೋಕೆ ಆಗದ ಮುಚ್ಚಳ ಹಾಕಲೇಬೇಕು ಅಂತ 1995ರಲ್ಲೇ ನಿಯಮ ತಂದಿದ್ದಾರೆ. ಒತ್ತಿ ತಿರುಗಿಸಬೇಕು. ನನ್ನ ಅತ್ತೆ ಬಂದಾಗ ಅವರಿಗೂ ತೆಗೆಯೋಕೆ ಆಗಲ್ಲ, ಮೊಮ್ಮಗನ್ನ ಕರೀತಾರೆ, ಅವನು ತೆಗೆದು ಕೊಡ್ತಾನೆ! ಹಾಗಾಗಿ ಮುಚ್ಚಳ ನಂಬಿಕೊಂಡು ಕೂರಬೇಡಿ, ಎತ್ತರದಲ್ಲಿಡಿ.

ಮಗಳಿಗೆ ಹನ್ನೆರಡು, ಹಲ್ಲಿಗೆ ಕ್ಲಿಪ್ ಹಾಕಿದ್ದಾರೆ. ಕ್ಲಿಪ್ ಸುತ್ತ ಬ್ರಶ್ ಹೋಗಲ್ಲ ಅಂತ ಫ್ಲೋರೈಡ್ ಮೌತ್‌ವಾಶ್ ಬರೆದು ಕೊಟ್ಟರು. ನನಗೆ ಗೊತ್ತೇ ಇರದ ವಿಷಯ: ಹಲ್ಲುಜ್ಜಿದ ತಕ್ಷಣ ಹಾಕಬಾರದು. ಪೇಸ್ಟಿನ ಫ್ಲೋರೈಡ್ ಜಾಸ್ತಿ, ಮೌತ್‌ವಾಶ್‌ದು ಅದರ ಕಾಲುಭಾಗ, ಜಾಸ್ತಿ ಇರೋದನ್ನ ಕಡಿಮೆ ಇರೋದ್ರಿಂದ ತೊಳೆದ ಹಾಗಾಗುತ್ತೆ. ಅವಳು ಸ್ಕೂಲಿಂದ ಬಂದು ತಿಂಡಿ ಆದ ಮೇಲೆ ಮಾಡ್ತಾಳೆ. ಒಂದು ನಿಮಿಷ, ಆಮೇಲೆ ಅರ್ಧ ಗಂಟೆ ನೀರೂ ಇಲ್ಲ.

ಜಯನಗರ 4ನೇ ಬ್ಲಾಕ್

ಅಕಸ್ಮಾತ್ ಜಾಸ್ತಿ ಕುಡಿದುಬಿಟ್ರೆ ವಾಂತಿ ಮಾಡಿಸೋದಾ?

ಮಕ್ಕಳ ಹಲ್ಲಿನ ವೈದ್ಯ, ದಾವಣಗೆರೆ

ಬೇಡವೇ ಬೇಡ. ಬೆರಳು ಹಾಕಬೇಡಿ, ಉಪ್ಪು ನೀರು ಕುಡಿಸಬೇಡಿ. ಮಗು ಎಚ್ಚರ ಇದ್ದು ಚೆನ್ನಾಗಿ ನುಂಗುತ್ತೆ ಅಂದ್ರೆ, ಫ್ಲೋರೈಡ್ ಆಗಿದ್ರೆ ಒಂದು ಲೋಟ ಹಾಲು ಕೊಡಿ, ಹಾಲಿನ ಕ್ಯಾಲ್ಸಿಯಂ ಅದನ್ನ ಹಿಡಿದಿಟ್ಟುಕೊಳ್ಳುತ್ತೆ. ಬಾಟ್ಲಿ ಸಮೇತ ಆಸ್ಪತ್ರೆಗೆ ಹೋಗಿ. ಎಷ್ಟು ಕುಡೀತು ಅಂತ ನೀವು ಅಂದಾಜು ಹೇಳೋದಕ್ಕಿಂತ ಬಾಟ್ಲಿ ಸರಿಯಾಗಿ ಹೇಳುತ್ತೆ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ, 1800 116 117, ಹಗಲು ರಾತ್ರಿ ಫೋನ್ ತೆಗೀತಾರೆ.

ಕೊಪ್ಪದ ಇಬ್ಬರ ತಾಯಿ

ಎಲ್ರೂ ಬಾಟ್ಲಿ ಬಗ್ಗೆ ಮಾತಾಡ್ತಿದ್ದೀರಿ, ವಾಸನೆ ಬಗ್ಗೆ ಯಾರೂ ಕೇಳ್ಲಿಲ್ಲ. ನನ್ನ ಚಿಕ್ಕವಳಿಗೆ ಮೂರೂವರೆ ಇದ್ದಾಗ ಹೀಗೇ ವಾಸನೆ. ಎರಡು ಹೊತ್ತು ಹಲ್ಲುಜ್ಜಿಸಿ ಸಾಕಾಯ್ತು. ಆಮೇಲೆ ಗೊತ್ತಾಯ್ತು, ಎಡ ಮೂಗಲ್ಲಿ ಮಾತ್ರ ಸಿಂಬಳ, ಹಳದಿ, ಗಬ್ಬು ನಾತ. ಡಾಕ್ಟ್ರು ಒಳಗಿಂದ ಚಿಮಟದಲ್ಲಿ ಎಳೆದರು, ಹಳೇ ದಿಂಬಿನ ಸ್ಪಂಜಿನ ಚೂರು! ಯಾವಾಗ ತುರುಕಿಕೊಂಡಿದ್ದಳೋ ದೇವರಿಗೇ ಗೊತ್ತು. ಯಾವ ಮೌತ್‌ವಾಶ್ ಹಾಕಿದ್ರೂ ಅದು ಹೋಗ್ತಿತ್ತಾ?

ಮಕ್ಕಳ ಹಲ್ಲಿನ ವೈದ್ಯ, ದಾವಣಗೆರೆ

ನಾನು ಬರೀಬೇಕಾಗಿದ್ದನ್ನ ಕೊಪ್ಪದವರು ಬರೆದರು. ಒಂದೇ ಮೂಗಿನಲ್ಲಿ ವಾಸನೆಯ ಸಿಂಬಳ ಅಂದ್ರೆ ಏನೋ ಸಿಕ್ಕಿಕೊಂಡಿದೆ ಅಂತಲೇ ಮೊದಲು ಯೋಚಿಸಬೇಕು.

ಮೈಸೂರಿನ ಮೇಡಂ, ರಾತ್ರಿ ಮಗ ಮಲಗಿದ ಮೇಲೆ ಒಂದು ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಬಾಯಿ ತೆರೆದುಕೊಂಡು ಮಲಗ್ತಾನಾ? ಗೊರಕೆ ಇದೆಯಾ? ಮೂಗಿನ ಹಿಂದೆ ಇರೋ ಅಡಿನಾಯ್ಡ್ ಅನ್ನೋ ಗ್ರಂಥಿ ಊದಿದ್ರೆ ಬಾಯಲ್ಲೇ ಉಸಿರಾಡ್ತಾರೆ, ಎಂಜಲು ಒಣಗುತ್ತೆ, ಬೆಳಿಗ್ಗೆ ವಾಸನೆ. ಬೆಳಕಲ್ಲಿ ಕೂರಿಸಿಕೊಂಡು ಮೊಬೈಲ್ ಟಾರ್ಚ್ ಹಾಕಿ ದವಡೆ ಹಲ್ಲುಗಳ ನಡುವೆ ನೋಡಿ, ಹಾಲುಹಲ್ಲಿನ ಹುಳುಕು ಹೆಚ್ಚಾಗಿ ಅಲ್ಲೇ ಅಡಗಿರುತ್ತೆ. ನಾಲಿಗೆ ಹಿಂಭಾಗ ಬಿಳಿ ಪಾಚಿ ಕಟ್ಟಿದೆಯಾ ನೋಡಿ. ಇನ್ನೊಂದು ಮಾತು, ಕೇಳದಿದ್ರೂ ಹೇಳ್ತೀನಿ: ಆರರ ಆಸುಪಾಸಿಗೆ ಕಟ್ಟಕಡೆಯ ಹಾಲುಹಲ್ಲಿನ ಹಿಂದೆ ಒಂದು ದೊಡ್ಡ ಹಲ್ಲು ಬರುತ್ತೆ. ಅದಕ್ಕಾಗಿ ಯಾವ ಹಲ್ಲೂ ಬೀಳಲ್ಲ, ಹಾಗಾಗಿ ತಂದೆತಾಯಿಗೆ ಗೊತ್ತೇ ಆಗಲ್ಲ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಅಂತ ಬಿಟ್ಟು, ಅದನ್ನ ಹುಳುಕು ಮಾಡಿಸಿಕೊಂಡು ಬರೋರು ವಾರಕ್ಕೆ ಮೂರು ಜನ.

ಹುಬ್ಬಳ್ಳಿ ಅಪ್ಪ

ಡಾಕ್ಟರ್ ಸಾಹೇಬ್ರ, ಪಾಲಿಶ್ ಮಾಡಿಸಿಕೊಂಡು ಬಂದ್ವಿ. ಅರ್ಧ ತಾಸು ಹಿಡೀತು, ಕಲೆ ಎಲ್ಲಾ ಹೋತು. ಮಗಳು ಕನ್ನಡಿ ಬಿಟ್ಟು ಏಳವಲ್ಲಳು. ಉಳಿದ ಬಾಟ್ಲಿ ನಮ್ಮಪ್ಪಾರ ಕೈಲೇ ಗಟಾರಕ್ಕ ಚೆಲ್ಲಿಸಿದ್ವಿ, "ನೂರೈವತ್ತು ರೂಪಾಯಿದ್ದು" ಅಂತ ಇನ್ನೂ ಅಂದಕೋತ ಕುಂತಾರ.

ಯುಕೆಜಿ ಅಮ್ಮ, ಮೈಸೂರು

ಒಂದು ವಾರದ ಸುದ್ದಿ. ಟಾರ್ಚ್ ಹಾಕಿ ನೋಡಿದಾಗ ನನಗೆ ಏನೂ ಕಾಣಿಸ್ಲಿಲ್ಲ. ಇಲ್ಲಿ ಮಕ್ಕಳ ದಂತವೈದ್ಯರು ಎಕ್ಸ್‌ರೇ ತೆಗೆದರು, ಕೆಳಗಿನ ಎಡದವಡೆಯ ಎರಡು ಹಾಲುಹಲ್ಲಿನ ನಡುವೆ ಹುಳುಕು. ಅಲ್ಲಿ ಸಿಕ್ಕಿದ್ದ ಇಡ್ಲಿ ಚೂರು ತೆಗೆದು ತೋರಿಸಿದಾಗ ನನಗೇ ನಾಚಿಕೆ ಆಯ್ತು. ತುಂಬಿಸಿದ್ದಾರೆ. ಗೊರಕೆ ಇದೆ, ಬಾಯಿ ತೆರೆದೇ ಮಲಗ್ತಾನೆ, ಇಷ್ಟು ದಿನ ಅದನ್ನ ಅಪ್ಪನ ಥರ ಅಂತ ನಕ್ಕಿದ್ದೆ. ಗುರುವಾರ ಮೂಗಿನ ಡಾಕ್ಟ್ರ ಹತ್ರ ಹೋಗ್ಬೇಕು. ಅತ್ತೆ ಹರಳೆಣ್ಣೆ ವಿಷಯ ಎತ್ತಿಲ್ಲ, ಜಂತುಹುಳದ ಮಾತ್ರೆ ಹೇಗೂ ಸ್ಕೂಲಲ್ಲಿ ಕೊಟ್ಟಿದ್ದಾರೆ.

ನೀಲಿ ಬಾಟ್ಲಿ ಅಣ್ಣನ ಮನೆಗೇ ವಾಪಸ್ ಹೋಯ್ತು. ನೀರಿನ ಪರೀಕ್ಷೆ ನಡೀತಿದೆ: 6, 5, 7, 7, 9. ಫ್ರಿಜ್ ಮೇಲೆ ಬರೆದು ಅಂಟಿಸಿದ್ದಾನೆ. ಐದು ಬಂದ ದಿನ ನಗು ಬಂತಂತೆ, ಅದಕ್ಕೆ ನುಂಗಿದನಂತೆ.

ಪಾವಗಡದ ಮಾಸ್ತರು

ದಾನಿಗಳು ಬ್ರಶ್ಶಿಗೆ ಒಪ್ಪಿದರು. ನೀರಿನ ಮಾದರಿ ಪರೀಕ್ಷೆಗೆ ಕಳಿಸಿದ್ದೇನೆ. ಮೌತ್‌ವಾಶ್ ಇಲ್ಲದಿದ್ದರೂ ಆ ಮುಚ್ಚಳದ ಆಟ ಒಂದನೇ ಕ್ಲಾಸಿಗೆ ಆಡಿಸಿದೆ, ಘಟಕದ ನೀರಿನಲ್ಲೇ, ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ. ಮಕ್ಕಳಿಗಿಂತ ಅಂಗಳವೇ ಹೆಚ್ಚು ನೆನೆಯಿತು. ಒಂದು ಹುಡುಗಿ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪುತ್ತಿದೆ ಸರ್. ಅವಳಿಗೆ 10 ಕೊಟ್ಟೆ, ವಾಪಸ್ 12 ಬಂತು. ಎರಡು ಸಲ ಮಾಡಿಸಿದೆ, ಎರಡು ಸಲವೂ ಹಾಗೇ.

ಮಕ್ಕಳ ಹಲ್ಲಿನ ವೈದ್ಯ, ದಾವಣಗೆರೆ

ಹೆಚ್ಚಿನ 2 ಎಂಜಲು ಮಾಸ್ತರೇ. ಅವಳು ಪಾಸ್.